ಎರಡು ದೂಳು, ಎರಡು ಪರೀಕ್ಷೆ

ಕಲ್ನಾರಿನ (ಆಸ್ಬೆಸ್ಟಾಸ್) ದೂಳು ಗಾಳಿಯಲ್ಲಿ ತೇಲುತ್ತದೆ, ಹಳೆಯ ಬಣ್ಣದಲ್ಲಿರುವ ಸೀಸದ ದೂಳು ನೆಲಕ್ಕಿಳಿಯುತ್ತದೆ. ಹಳೆಯ ಸಮುದಾಯ ಭವನದ ದುರಸ್ತಿಗೆ ಕೈಹಾಕುವವರು ಮೊದಲು ತಿಳಿಯಬೇಕಾದದ್ದು ಇದು. ಮಾದರಿ ಹೇಗೆ ತೆಗೆಯಬೇಕು, ಕೋಣೆ ಹೇಗೆ ಮುಚ್ಚಬೇಕು, ಕೊನೆಗೆ ಏನನ್ನು ಅಳೆಯಬೇಕು ಎಂಬುದೆಲ್ಲ ಇದನ್ನೇ ಅವಲಂಬಿಸಿದೆ.

ಪೆಟ್ಟು ಬಿದ್ದಾಗ ಕಲ್ನಾರು ಮರಳಿನಂತೆ ಕಾಳಾಗುವುದಿಲ್ಲ, ಉದ್ದಕ್ಕೆ ಸೀಳುತ್ತಾ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಕೆಗೆ ಬರುವ ಎಳೆ 5 ಮೈಕ್ರೋಮೀಟರಿಗಿಂತ ಉದ್ದ, 3 ಮೈಕ್ರೋಮೀಟರಿಗಿಂತ ಸಪೂರ. ಇಂಥದ್ದು ನಿಂತ ಗಾಳಿಯಲ್ಲೂ ಗಂಟೆಗಟ್ಟಲೆ ತೇಲುತ್ತದೆ. ಅದನ್ನು ಉಸಿರಾಡಿದ್ದರಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 20ರಿಂದ 50 ವರ್ಷಗಳ ನಂತರ. ಸೀಸ ಭಾರದ ಲೋಹ. ಅದರ ಪುಡಿ ಕಿಟಕಿಯ ಕಟ್ಟೆ, ಮೆಟ್ಟಿಲು, ನೆಲದ ಮೇಲೆ ಕೂತು ಅಲ್ಲಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬ್ರಿಸ್ಬೇನಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ ಮಕ್ಕಳ ಸೀಸವಿಷದ ಮೂಲ ಜಗಲಿಯ ಕಟಕಟೆಗೆ ಬಳಿದ ಬಣ್ಣವೆಂದು ತೋರಿಸಿದ್ದರು.

ಪರಿಶೀಲನೆ ಕಟ್ಟಡದ ನಕ್ಷೆಯಿಂದ ಶುರುವಾಗಲಿ. ಕಲ್ನಾರಿಗಾಗಿ ನೋಡಬೇಕಾದ್ದು ಸುಕ್ಕು ಸಿಮೆಂಟ್ ಶೀಟು, ಬಿಸಿನೀರಿನ ಪೈಪಿಗೆ ಸುತ್ತಿದ ಹೊದಿಕೆ, ತೊಲೆಗಳಿಗೆ ಸಿಂಪಡಿಸಿದ ಲೇಪ, ಸೂರಿನ ಹಲಗೆ, 9 ಅಂಗುಲದ ಚೌಕ ಟೈಲ್ಸ್ ಮತ್ತು ಅದರಡಿಯ ಕಪ್ಪು ಅಂಟು, ಹಳೆಯ ಫ್ಯೂಸ್ ಬೋರ್ಡಿನ ಹಿಂದಿನ ತಗಡಿನಂಥ ಹಲಗೆ. ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು ಹೆಚ್ಚು ಅಪಾಯಕಾರಿ. ಸಿಮೆಂಟಿನಲ್ಲಿ ಸಿಕ್ಕಿಕೊಂಡ ಎಳೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಣ್ಣ ನೋಡಿ ಇದು ಬಿಳಿ ಕಲ್ನಾರು, ಇದು ನೀಲಿ ಎಂದು ಹೇಳುವವರನ್ನು ನಂಬಬೇಡಿ. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ.

ಒಂದೇ ಮಾದರಿ ತೆಗೆದು ಸುಮ್ಮನಾಗುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಸಿಂಪಡಿಸುವ ಲೇಪವನ್ನು ಕೆಲಸದ ಜಾಗದಲ್ಲೇ ಕಲಸುತ್ತಿದ್ದರು, ಒಂದು ಮೂಲೆಯಲ್ಲಿದ್ದ ಪ್ರಮಾಣ ಇನ್ನೊಂದರಲ್ಲಿರದು. ಅಮೆರಿಕದ ಶಾಲೆಗಳ ನಿಯಮ ಇಂಥ ಲೇಪಕ್ಕೆ ಒಂದೇ ಬಗೆಯ ಜಾಗ 1000 ಚದರ ಅಡಿಯೊಳಗಿದ್ದರೆ ಕನಿಷ್ಠ 3, 5000ದವರೆಗೆ 5, ಅದಕ್ಕೂ ಹೆಚ್ಚಿದ್ದರೆ 7 ಮಾದರಿ ಕೇಳುತ್ತದೆ. ಬೇರೆಡೆಯೂ ಇದು ಒಳ್ಳೆಯ ಅಳತೆಗೋಲು. ಫ್ಯಾನ್ ಆರಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಸಾಬೂನು ಬೆರೆಸಿದ ನೀರಿನಿಂದ ಜಾಗ ನೆನೆಸಿ, ಎಲ್ಲ ಪದರಗಳೂ ಬರುವಂತೆ ಆಳಕ್ಕೆ ಕತ್ತರಿಸಿ, ತೂತು ಮುಚ್ಚಿ, ಮುಂದಿನ ಮಾದರಿಗೆ ಮುಂಚೆ ಚಾಕು ಒರೆಸಬೇಕು. ಟೈಲ್ಸ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಅದರೊಳಗಿನ ಎಳೆ ಎಷ್ಟು ನವಿರೆಂದರೆ ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕಕ್ಕೆ ತಪ್ಪಿಸಿಕೊಳ್ಳಬಹುದು. ‘ಇಲ್ಲ’ ಎಂಬ ವರದಿ ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಖಚಿತಪಡಿಸಿಕೊಳ್ಳಿ.

ಸೀಸಕ್ಕೆ ಎಕ್ಸ್‌-ರೇ ಹಾಯಿಸಿ ಅಳೆಯುವ ಎಕ್ಸ್‌-ರೇ ಫ್ಲೋರೆಸೆನ್ಸ್ ಯಂತ್ರ ಅನುಕೂಲ. ಮೇಲಿನ ಬಣ್ಣವನ್ನು ಕೆರೆಯದೆಯೇ ಅಡಿಯ ಪದರವನ್ನೂ ಓದುತ್ತದೆ. ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಅಥವಾ ತೂಕದಲ್ಲಿ ಶೇ 0.5 ಸೀಸವಿದ್ದರೆ ಅದನ್ನು ಸೀಸದ ಬಣ್ಣವೆಂದು ಅಮೆರಿಕದಲ್ಲಿ ಪರಿಗಣಿಸುತ್ತಾರೆ. ಚಕ್ಕೆ ಕಳುಹಿಸುವುದಾದರೆ ಎಲ್ಲ ಪದರಗಳೂ ಬರಲಿ, ಗಿಲಾವು ಬರದಿರಲಿ. ಗಿಲಾವಿನ ತೂಕ ಸೇರಿದರೆ ಶೇಕಡಾವಾರು ಸುಳ್ಳಾಗಿ ಇಳಿಯುತ್ತದೆ. ಸೀಸವಿದ್ದರೆ ಉಜ್ಜಿದಾಗ ಕೆಂಪಾಗುವ ಪರೀಕ್ಷೆಯ ಕಡ್ಡಿ ಜಿಪ್ಸಂ ಗಿಲಾವಿನ ಮೇಲೆ ಮೋಸ ಮಾಡಬಲ್ಲದು, ಅದನ್ನೇ ಕೊನೆಯ ಮಾತೆಂದುಕೊಳ್ಳಬೇಡಿ. ತೆರೆದು ಮುಚ್ಚುವಾಗ ಉಜ್ಜುವ ಕದ, ಕಿಟಕಿಗಳ ಬಣ್ಣ ಮುಖ್ಯವಾದದ್ದು. ಹಳೆಯ ಕಬ್ಬಿಣದ ಸರಳಿನ ಕೆಂಪು ಅಡಿಬಣ್ಣವನ್ನೂ ಮರೆಯಬೇಡಿ.

ಎಲ್ಲವನ್ನೂ ತೆಗೆಯಲೇಬೇಕೆಂಬುದನ್ನು ನಾವು ಒಪ್ಪುವುದಿಲ್ಲ. ಗಟ್ಟಿಯಾಗಿರುವ ಶೀಟನ್ನು ಕೊರೆಯದೆ, ರಭಸದ ನೀರಿನಿಂದ ತೊಳೆಯದೆ ಹಾಗೇ ಬಿಟ್ಟು, ಆರು ತಿಂಗಳಿಗೊಮ್ಮೆ ನೋಡಿ ದಾಖಲಿಸುವುದು ಅನೇಕ ಸಲ ಜಾಣತನ. ಪುಡಿಯಾಗುತ್ತಿದ್ದರೆ, ಸೋರಿ ನೆನೆದಿದ್ದರೆ, ಅಥವಾ ದುರಸ್ತಿಯ ದಾರಿಗೆ ಅಡ್ಡ ಬಂದರೆ ತೆಗೆಯಲೇಬೇಕು. ಆ ಕೆಲಸ ಪರವಾನಗಿ, ತರಬೇತಿ ಇರುವ ತಂಡದ್ದು. ಭವನದ ಸಮಿತಿ ತಿಳಿದಿರಬೇಕಾದದ್ದು ಅವರ ಕೆಲಸ ಸರಿಯೇ ಎಂದು ನೋಡುವ ಬಗೆ.

ಕೋಣೆಯನ್ನು 0.15 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಎರಡು ಪದರದಿಂದ ಮುಚ್ಚಿ, ಅತಿ ಸಣ್ಣ ದೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ಯಂತ್ರದಿಂದ ಗಾಳಿ ಹೊರಗೆಳೆಯುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ ಸುಮಾರು 5 ಪಾಸ್ಕಲ್ ಕಡಿಮೆ ಇರಬೇಕು, ಗಂಟೆಗೆ ಕನಿಷ್ಠ 4 ಸಲ ಗಾಳಿ ಬದಲಾಗಬೇಕು. 12 ಮೀಟರ್ ಉದ್ದ, 8 ಅಗಲ, 4 ಎತ್ತರದ ಸಭಾಂಗಣದಲ್ಲಿ 384 ಘನ ಮೀಟರ್ ಗಾಳಿಯಿದೆ. ಅಂದರೆ ಗಂಟೆಗೆ 1536 ಘನ ಮೀಟರ್ ಎಳೆಯಬೇಕು. ಫಿಲ್ಟರ್ ಕಟ್ಟಿಕೊಂಡಂತೆ ಯಂತ್ರದ ಎಳೆತ ಇಳಿಯುತ್ತದೆ, ಹಾಗಾಗಿ ಲೆಕ್ಕಕ್ಕೆ ಸರಿಯಾದ ಒಂದು ಯಂತ್ರ ಸಾಲದು. ಬರೀ ನೀರು ಹೊದಿಕೆಯ ಮೇಲೆ ಜಾರಿಹೋಗುತ್ತದೆ, ಮೇಲ್ಮೈ ಒತ್ತಡ ಇಳಿಸುವ ದ್ರವ ಬೆರೆಸಿ ಒಳಗಿನವರೆಗೆ ನೆನೆಸಬೇಕು. ಶೀಟನ್ನು ಮುರಿಯಬಾರದು, ಬೋಲ್ಟನ್ನು ಕತ್ತರಿಸಿ ಇಡಿಯಾಗಿ ಕೆಳಗಿಳಿಸಬೇಕು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಎಳೆಗಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಸೀಸದ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಬೆಂಕಿಯ ಜ್ವಾಲೆಯಿಂದ ಸುಡಬಾರದು. ಒದ್ದೆ ಮಾಡಿ ಕೆರೆಯಬೇಕು. ಬಿಸಿಗಾಳಿ ಗನ್ 593 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹಳೆಯ ಕಿಟಕಿಯಾದರೆ ಕೆರೆಯುವುದಕ್ಕಿಂತ ಚೌಕಟ್ಟಿನ ಸಮೇತ ಬದಲಿಸುವುದೇ ಎಷ್ಟೋ ಸಲ ವಾಸಿ. ಕೆಲಸ ಮುಗಿದ ಮೇಲೆ ಹೆಪಾ ವ್ಯಾಕ್ಯೂಮ್, ಒದ್ದೆ ಬಟ್ಟೆ, ಮತ್ತೆ ವ್ಯಾಕ್ಯೂಮ್. ಪೊರಕೆ ಬೇಡವೇ ಬೇಡ. ಕಲ್ನಾರಿನ ಹಲಗೆಗೇ ಸೀಸದ ಬಣ್ಣ ಬಳಿದಿದ್ದರೆ ಬಣ್ಣ ಮುಟ್ಟಬೇಡಿ, ಹಲಗೆಯನ್ನೇ ಕಲ್ನಾರಿನ ಕ್ರಮದಲ್ಲಿ ತೆಗೆಸಿ.

ಕೊನೆಯ ಪರೀಕ್ಷೆಗಳೂ ಬೇರೆ ಬೇರೆ. ಕಲ್ನಾರಿಗೆ ಗಾಳಿಯನ್ನು ಕದಡಿಸಿ ಫಿಲ್ಟರ್ ಮೂಲಕ ಎಳೆದು ಎಣಿಸುತ್ತಾರೆ. ಬ್ರಿಟನ್ನಿನಲ್ಲಿ ಮಿಲಿಲೀಟರಿಗೆ 0.01 ಎಳೆಗಿಂತ ಕಡಿಮೆಯಿರಬೇಕು. ಸೀಸಕ್ಕೆ ದೂಳು ಕೂರಲು ಒಂದು ಗಂಟೆ ಬಿಟ್ಟು, ಒಂದು ಚದರ ಅಡಿ ನೆಲ ಒರೆಸಿ ಆ ಒರೆಸುಬಟ್ಟೆಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಮೆರಿಕದಲ್ಲಿ ನೆಲದ ಮಿತಿ ಚದರ ಅಡಿಗೆ 40 ಮೈಕ್ರೋಗ್ರಾಂ ಇದ್ದದ್ದು 2021ರಲ್ಲಿ 10ಕ್ಕಿಳಿಯಿತು, 2024ರ ನಿಯಮದಲ್ಲಿ 5 ಆಯಿತು. ಗಾಳಿಯ ವರದಿ ಹಿಡಿದು ಸೀಸದ ಕೋಣೆಗೆ ಮಕ್ಕಳನ್ನು ಬಿಡಬಾರದು. ಕಿಟಕಿ ಜಾರುವ ತೋಡನ್ನೂ ಒರೆಸಿ ನೋಡಿ, ಸೀಸ ಹೆಚ್ಚು ಉಳಿಯುವುದು ಅಲ್ಲೇ. ಉಳಿಸಿಕೊಂಡ ಕಲ್ನಾರು ಎಲ್ಲಿದೆ ಎಂಬ ನಕ್ಷೆಯ ಒಂದು ಪ್ರತಿಯನ್ನು ವಿದ್ಯುತ್ ಬೋರ್ಡಿನ ಬಾಗಿಲಿನ ಒಳಮೈಗೆ ಅಂಟಿಸಿ, ಮುಂದೆ ಡ್ರಿಲ್ ಹಿಡಿದು ಬರುವವರು ಮೊದಲು ತೆರೆಯುವುದು ಆ ಬಾಗಿಲನ್ನೇ.