ಪರ್ಸೆಂಟ್ ನೋಡಿದಿರಿ, ತಾರೀಖು ನೋಡಿದಿರಾ?

ಕಳೆದ ತಿಂಗಳು, ಮಾಜಿ ಸೈನಿಕರ ಪರಿಹಾರದ ಕ್ಲೇಮ್ ನೋಡುವ ನನ್ನ ಆಫೀಸಿಗೆ ಒಬ್ಬ ತಾಯಿ, ಮಗ ಬಂದಿದ್ದರು. ಹಾಸನದ ಕಡೆಯವರು. ಮಗ ಇಲ್ಲೇ ಅಮೆರಿಕದಲ್ಲಿ ಬೆಳೆದು, ಇಲ್ಲಿನ ಸೇನೆಯಲ್ಲಿ ಎಂಟು ವರ್ಷ ದುಡಿದವರು. ಕಾಗದಗಳೆಲ್ಲ ಸೀರೆ ಅಂಗಡಿಯ ಕೈಚೀಲದಲ್ಲಿದ್ದವು. ಮೇಲಿನದರ ಮೂಲೆಗೆ ಅರಿಶಿನ ತಾಗಿತ್ತು. ಮಗನ ಮಂಡಿಗೆ 30 ಪರ್ಸೆಂಟ್ ಅಂಗವೈಕಲ್ಯ ಮಂಜೂರಾಯಿತು ಅಂತ ಆ ಅಮ್ಮ ದೇವರ ಮುಂದೆ ಇಟ್ಟಿದ್ದರಂತೆ.

"ನೋವು 2014ರಿಂದ ಇದೆ ಸರ್. ದುಡ್ಡು ಯಾಕೆ 2022ರಿಂದ?" ಅಂತ ಮಗ ಕೇಳಿದರು.

ಈ ಪ್ರಶ್ನೆ ನನ್ನ ಕಿವಿಗೆ ಬೀಳದ ವಾರವಿಲ್ಲ. ವಿಎ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ, ಕೊಡುವ ಪರಿಹಾರಕ್ಕೆ ನೋವು ಶುರುವಾದ ದಿನವೊಂದೇ ಸಾಲದು. ಕ್ಲೇಮ್ ಅವರ ಕೈಸೇರಿದ ದಿನ, ಅರ್ಹತೆ ಹುಟ್ಟಿದ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಅದೇ ಎಫೆಕ್ಟಿವ್ ಡೇಟ್, ಅಂದರೆ ದುಡ್ಡಿನ ಲೆಕ್ಕ ಶುರುವಾಗುವ ತಾರೀಖು. ಸೇನೆ ಬಿಟ್ಟ ಒಂದು ವರ್ಷದೊಳಗೆ ಕ್ಲೇಮ್ ಹಾಕಿದವರಿಗೆ ಮಾತ್ರ ಬಿಟ್ಟ ಮರುದಿನದಿಂದಲೇ ಸಿಗಬಹುದು. ಆ ಒಂದು ವರ್ಷದ ಗಡುವನ್ನು ಮುಂದಕ್ಕೆ ಎಳೆಯಲು ಬರುವುದಿಲ್ಲ. 1981ರಲ್ಲಿ ನೌಕಾಪಡೆ ಬಿಟ್ಟ ಅರೆಲಾನೊ ಎಂಬವರು ಸುಮಾರು ಮೂವತ್ತು ವರ್ಷ ತಡವಾಗಿ ಕ್ಲೇಮ್ ಹಾಕಿದರು. ಮಾನಸಿಕ ಕಾಯಿಲೆಯಿಂದ ತಡವಾಯಿತು ಅಂದರು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವರ್ಷ. ವಿಎ ತೀರ್ಪಿನ ಕಾಗದ ಕಳಿಸಿದ ದಿನದಿಂದ ಒಂದು ವರ್ಷ. ನೀವು ಕವರ್ ಒಡೆದ ದಿನದಿಂದ ಅಲ್ಲ, ಕಾಗದದ ಮೇಲಿರುವ ತಾರೀಖಿನಿಂದ. ಅಷ್ಟರೊಳಗೆ ಸಪ್ಲಿಮೆಂಟಲ್ ಕ್ಲೇಮ್ (ಹೊಸ ಸಾಕ್ಷ್ಯದ ಜೊತೆ ಮತ್ತೆ ಕೇಳುವುದು), ಹೈಯರ್ ಲೆವೆಲ್ ರಿವ್ಯೂ (ಮೇಲಿನ ಅಧಿಕಾರಿಯ ಮರುಪರಿಶೀಲನೆ), ಬೋರ್ಡ್ ಅಪೀಲ್ (ವಿಎ ಮೇಲ್ಮನವಿ ಮಂಡಳಿಗೆ ಹೋಗುವುದು) ಮೂರರಲ್ಲಿ ಒಂದನ್ನು ಹಾಕಿದರೆ ಮೊದಲ ಕ್ಲೇಮಿನ ತಾರೀಖು ಜೀವಂತ ಇರುತ್ತದೆ. ಮತ್ತೆ ತಿರಸ್ಕಾರವಾಯಿತಾ? ಮತ್ತೆ ಒಂದು ವರ್ಷವಿದೆ, ಮತ್ತೆ ಹಾಕಿ. ಎಳೆ ತುಂಡಾಗಬಾರದು, ಅಷ್ಟೇ.

ಇವರದು ತುಂಡಾಗಿತ್ತು. 2020ರ ಕ್ಲೇಮ್ ಅದೇ ವರ್ಷ ನವೆಂಬರಿನಲ್ಲಿ ತಿರಸ್ಕಾರವಾಗಿದೆ. ಸಿಟ್ಟಿಗೆ ಕವರನ್ನು ಡ್ರಾಯರಿಗೆ ಹಾಕಿದ್ದಾರೆ. 2022ರ ಆಗಸ್ಟಿನಲ್ಲಿ ಡಾಕ್ಟರ ಹೊಸ ರಿಪೋರ್ಟ್ ಜೊತೆ ಮತ್ತೆ ಹಾಕಿ ಗೆದ್ದಿದ್ದಾರೆ. ಅದೇ ರಿಪೋರ್ಟ್ 2021ರ ನವೆಂಬರಿನೊಳಗೆ ಹೋಗಿದ್ದರೆ? ಗೆದ್ದಾಗ 2020ರ ತಾರೀಖು ಕೇಳಲು ದಾರಿ ಇರುತ್ತಿತ್ತು. ಗೆದ್ದ ಕಾಗದ ಬಂದೂ ಈಗ ವರ್ಷ ದಾಟಿದೆ. ಸುಮ್ನೆ ತಾರೀಖು ಮಾತ್ರ ಹಿಂದಕ್ಕೆ ಮಾಡಿ ಅಂತ ಹೊಸ ಅರ್ಜಿ ಹಾಕಲು ಬರುವುದಿಲ್ಲ. ರಡ್ ಎಂಬವರ ಕೇಸಿನಲ್ಲಿ 2006ರಲ್ಲಿ ಬಂದ ಕೋರ್ಟ್ ತೀರ್ಪು ಆ ಬಾಗಿಲು ಮುಚ್ಚಿದೆ. ಹಳೇ ತೀರ್ಪಿನಲ್ಲೇ ಎದ್ದು ಕಾಣುವ ತಪ್ಪಿದೆ ಅಂತ ತೋರಿಸಬೇಕು, ಅದು ಬಹಳ ಕಷ್ಟ.

"ನನಗೆ ಯಾರೂ ಹೇಳಲೇ ಇಲ್ಲ" ಅಂದರು ಆ ಹುಡುಗ. ಹೇಳಿರುತ್ತಾರೆ, ಆ ಕಾಗದದ ಜೊತೆಗೇ ಬರೆದಿರುತ್ತದೆ. ಆದರೆ ತಿರಸ್ಕಾರ ಅಂತ ಓದಿದ ಮೇಲೆ ಮುಂದಿನ ಪುಟ ಯಾರು ತಿರುಗಿಸುತ್ತಾರೆ, ಅಲ್ವಾ?

ಒಂದು ಸಣ್ಣ ದಾರಿ ಉಳಿದಿದೆ. ಅವತ್ತು ವಿಎ ಕಡತದಲ್ಲಿ ಇಲ್ಲದ, ಸೇನೆಯ ಬಳಿಯೇ ಇದ್ದ ದಾಖಲೆ ಈಗ ಸಿಕ್ಕಿದರೆ ಹಳೇ ಕ್ಲೇಮ್ ಮತ್ತೆ ತೆರೆಯಬಹುದು. ಅವರ ತುಕಡಿಯ ವೈದ್ಯಕೀಯ ದಾಖಲೆಗಳನ್ನು ಕೇಳಿ ಬರೆದಿದ್ದೇನೆ. ಸಿಕ್ಕೇ ಸಿಗುತ್ತದೆ ಅಂತ ಆ ಅಮ್ಮನಿಗೆ ಮಾತು ಕೊಟ್ಟಿಲ್ಲ.