ಹಲ್ಲು ಕ್ಲೀನ್ ಮಾಡ್ಸೋಕೆ ಬೇರೆ ದುಡ್ಡು ಕೊಡೋದು ದಂಡನಾ?

ಪೊನ್ನಂಪೇಟೆ ಕಡೆಯ ಓದುಗರೊಬ್ರು ಕೇಳಿದ್ದಾರೆ: "ಮಗಳು ಇಂಗ್ಲೆಂಡಲ್ಲಿದ್ದಾಳೆ. ಅಲ್ಲಿ ಡೆಂಟಿಸ್ಟ್ ಹಲ್ಲು ನೋಡಿ ಎಲ್ಲಾ ಸರಿ ಇದೆ ಅಂದ್ಮೇಲೂ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡೋಕೆ ತರಬೇತಿ ಪಡೆದವರು) ಹತ್ರ ಹೋಗಿ, ಅದಕ್ಕೆ ಬೇರೆ ಫೀಸು ಅಂತಾರಂತೆ. ಇಲ್ಲಿ ನನಗೂ ಆರು ತಿಂಗಳಿಗೊಂದ್ಸಲ ಕ್ಲೀನಿಂಗ್ ಮಾಡ್ಸಿ ಅಂದ್ರು. ನಿಜವಾಗ್ಲೂ ಬೇಕಾ?"

ಅಕ್ಕಾ, ನಿಮ್ಮ ವಸಡಲ್ಲಿ ರಕ್ತ ಬರ್ತಿದ್ರೆ ಬೇಕು, ದುಡ್ಡಿನ ಮುಖ ನೋಡ್ಬೇಡಿ. ವಸಡು ಗಟ್ಟಿಯಾಗಿದೆ, ಹಲ್ಲಿನ ಮೇಲೆ ಕಲ್ಲಿನ ಹಾಗೆ ಕೂರೋ ಕಿಟ್ಟ ಇಲ್ಲ ಅಂದ್ರೆ ಬರೀ ಕ್ಯಾಲೆಂಡರ್ ನೋಡ್ಕೊಂಡು ಹೋಗೋ ಅಗತ್ಯ ಇಲ್ಲ. ಇದು ನಾನು ಸುಮ್ನೆ ಹೇಳ್ತಿರೋದಲ್ಲ, 2018ರಲ್ಲಿ ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡೋ ಕಾಕ್ರೇನ್ ಸಂಸ್ಥೆಯವರು ಇದನ್ನೇ ಪರಿಶೀಲನೆ ಮಾಡಿದ್ರು, ವಸಡಿನ ಕಾಯಿಲೆ ಜೋರಾಗಿಲ್ಲದ, ರೆಗ್ಯುಲರ್ ಆಗಿ ಡೆಂಟಿಸ್ಟ್ ಹತ್ರ ಹೋಗೋ ದೊಡ್ಡವರಲ್ಲಿ ಆರು ತಿಂಗಳಿಗೋ ವರ್ಷಕ್ಕೋ ತಪ್ಪದೆ ಕ್ಲೀನಿಂಗ್ ಮಾಡ್ಸಿದವರಿಗೂ ಹಾಗೆ ಮಾಡ್ಸದವರಿಗೂ ಎರಡು ಮೂರು ವರ್ಷ ಆದ್ಮೇಲೂ ವಸಡಿನ ವಿಷಯದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣಲಿಲ್ಲ. ನೋಡಿ, ಅದು ಆರೋಗ್ಯವಾಗಿರೋರ ಲೆಕ್ಕ. ಶುಗರ್ ಇರೋರು, ಎಲೆ ಅಡಿಕೆ ಹೊಗೆಸೊಪ್ಪು ಹಾಕೋರು, ಬೀಡಿ ಸಿಗರೇಟು ಸೇದೋರು ಆ ಲೆಕ್ಕ ತಗೊಂಡು ಮನೇಲಿ ಕೂರಬಾರದು. ಶುಗರ್ ಇದ್ರೆ ವಸಡು ಬೇಗ ಕೆಡುತ್ತೆ, ವಸಡು ಕೆಟ್ರೆ ಶುಗರ್ ಕಂಟ್ರೋಲಿಗೆ ಬರೋದು ಕಷ್ಟ, ಎರಡೂ ಒಂದನ್ನೊಂದು ಎಳೀತವೆ.

ಈ ಕಿಟ್ಟ ಎಲ್ಲಿಂದ ಬರುತ್ತೆ ಅಂದ್ರೆ, ಹಲ್ಲಿನ ಮೇಲೆ ಕೂತಿರೋ ಮೆತ್ತನೆ ಪಾಚಿ ಎಂಜಲಲ್ಲಿರೋ ಕ್ಯಾಲ್ಸಿಯಂ ಹೀರ್ಕೊಂಡು ಕಲ್ಲಾಗುತ್ತೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ನಾಲಿಗೆ ಆಡ್ಸಿ ನೋಡಿ, ಒರಟು ತಾಗಿದ್ರೆ ಅದೇ. ಎಂಜಲು ಸುರಿಯೋ ಗ್ರಂಥಿಯ ಬಾಯಿ ಅಲ್ಲೇ ಇರೋದ್ರಿಂದ ಅಲ್ಲೇ ಜಾಸ್ತಿ. ಪಾಚಿಯನ್ನ ಬ್ರಷ್ ತೆಗೆಯುತ್ತೆ, ಕಲ್ಲಾದ್ಮೇಲೆ ಯಾವ ಪೇಸ್ಟೂ ಬೇವಿನಕಡ್ಡಿಯೂ ತೆಗೆಯಲ್ಲ, ಡೆಂಟಿಸ್ಟ್ ಹತ್ರ ಉಪಕರಣ ಹಾಕಿ ಕೆರೆಸೋ ಸ್ಕೇಲಿಂಗೇ ಗತಿ. ಸ್ಕೇಲಿಂಗ್ ಮಾಡ್ಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮ ಕಡೆ ಹೇಳ್ತಾರಲ್ಲ, ಅದು ಉಲ್ಟಾ. ಮೂಳೆ ಮೊದಲೇ ಕರಗಿ ಹಲ್ಲು ಸಡಿಲ ಆಗಿರುತ್ತೆ, ಕಿಟ್ಟ ಸಿಮೆಂಟಿನ ಹಾಗೆ ಹಿಡ್ಕೊಂಡಿರುತ್ತೆ, ತೆಗೆದ್ಮೇಲೆ ಬಣ್ಣ ಬಯಲಾಗುತ್ತೆ ಅಷ್ಟೇ. ಒಂದೆರಡು ದಿನ ತಣ್ಣೀರು ಕುಡಿದ್ರೆ ಜುಂ ಅನ್ನೋದು ಮಾತ್ರ ನಿಜ.

ನಮ್ಮ ದೇಶದಲ್ಲೂ ಹೈಜೀನಿಸ್ಟ್ ಅನ್ನೋ ಕೆಲಸ 1948ರ ದಂತವೈದ್ಯರ ಕಾಯ್ದೆ ಕಾಲದಿಂದಲೂ ಇದೆ, ಆದ್ರೆ ಇಲ್ಲಿ ಹೆಚ್ಚಿನ ಕ್ಲಿನಿಕ್ಕಲ್ಲಿ ಡಾಕ್ಟರೇ ಸ್ಕೇಲಿಂಗ್ ಮಾಡ್ತಾರೆ. ಇಂಗ್ಲೆಂಡಲ್ಲಿ ಎಷ್ಟೋ ಕಡೆ ಬೇರೆ ಜನ, ಬೇರೆ ಬಿಲ್ಲು. ಮಗಳಿಗೆ ಒಂದು ಮಾತು ಹೇಳಿ: ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡೆಂಟಿಸ್ಟ್ ಆಗಿದ್ರೆ "ನನ್ನ ಬಾಯಿಗೆ ಇದು ವೈದ್ಯಕೀಯವಾಗಿ ಬೇಕಾ" ಅಂತ ನೇರವಾಗಿ ಕೇಳ್ಲಿ, ಬೇಕು ಅಂದ್ರೆ ಸ್ಕೇಲಿಂಗ್ ಎನ್‌ಎಚ್‌ಎಸ್ ಚಾರ್ಜಲ್ಲೇ ಬರುತ್ತೆ. ಚೆಕಪ್ ಕೂಡ ಎಲ್ಲರಿಗೂ ಆರು ತಿಂಗಳು ಅಂತ ಏನಿಲ್ಲ, ಅಲ್ಲಿನ 2004ರ ಮಾರ್ಗಸೂಚಿಯೇ ದೊಡ್ಡವರಿಗೆ ಬಾಯಿಯ ಸ್ಥಿತಿ ನೋಡಿ 3 ತಿಂಗಳಿಂದ 24 ತಿಂಗಳವರೆಗೆ ಅಂತ ಹೇಳುತ್ತೆ.

ನಾನು ಕಾಫಿ ಕುಯ್ಲು ಮುಗೀಲಿ, ಮಳೆ ನಿಲ್ಲಲಿ ಅಂತ ನಾಲ್ಕು ವರ್ಷ ಮುಂದೂಡಿ ಹೋದವನು. ಮೊದಲು ಹೋದ ಕಡೆ ಬಾಯಿ ಸರಿಯಾಗಿ ನೋಡೋಕೆ ಮುಂಚೆನೇ ವರ್ಷದ ಪ್ಯಾಕೇಜ್ ಮಾತಾಡಿದ್ರು, ಎದ್ದು ಬಂದೆ. ಎರಡನೇ ಕಡೆ ಡಾಕ್ಟ್ರು ಸಣ್ಣ ಕಡ್ಡಿ ಹಾಕಿ ಹಲ್ಲಿಗೂ ವಸಡಿಗೂ ನಡುವಿನ ಸಂದು ಅಳೆದ್ರು, 3 ಮಿಲಿಮೀಟರ್ ತನಕ ಪರವಾಗಿಲ್ಲ, ನಿಮಗೆ ಹಿಂದಿನ ಎರಡು ಹಲ್ಲಲ್ಲಿ 5 ಇದೆ ಅಂದ್ರು. ಸ್ಕೇಲಿಂಗ್ ಮುಗಿಸಿ ಕನ್ನಡಿ ಕೈಗೆ ಕೊಟ್ಟು ಹಲ್ಲಿನ ಸಂದಿಗೆ ಹಾಕೋ ಪುಟ್ಟ ಬ್ರಷ್ ಹೇಗೆ ಆಡ್ಸೋದು ಅಂತ ಹತ್ತು ನಿಮಿಷ ಕಲಿಸಿದ್ರು, ನನ್ನ ಕೇಳಿದ್ರೆ ಕೊಟ್ಟ ದುಡ್ಡಲ್ಲಿ ಅರ್ಧ ಆ ಹತ್ತು ನಿಮಿಷಕ್ಕೇ ಸಂದಾಯ. ಅಲ್ಲಿವರೆಗೆ ಪಂದಿ ಕರಿ ತಿಂದು ಬೆಂಕಿಕಡ್ಡಿಯಲ್ಲಿ ಕೆದಕಿಕೊಳ್ತಿದ್ದೆ.

ಹಾಗಾಗಿ ನೀವೂ ಮೊದಲು ಸಂದು ಅಳೆಸಿ, ಎಷ್ಟು ಅಂತ ಕೇಳಿ ಬರೆದಿಟ್ಕೊಳ್ಳಿ. ಪೇಟೆ ಕ್ಲಿನಿಕ್ಕಿನ ಫೀಸು ಜಾಸ್ತಿ ಅನ್ಸಿದ್ರೆ ವಿರಾಜಪೇಟೆಯ ಡೆಂಟಲ್ ಕಾಲೇಜಲ್ಲೂ ವಿಚಾರಿಸಿ, ಹೊತ್ತು ಸ್ವಲ್ಪ ಹಿಡಿಯಬಹುದು. ಇನ್ನು ಬೆಲ್ಲದ ಕಾಫಿ ಕುಡಿದು ಕುಡಿದು ಹಲ್ಲು ಕಂದಾಗಿದೆ, ಅದಕ್ಕೆ ಪಾಲಿಶ್ ಅಂತೀರಾದ್ರೆ ಅದು ಕಾಯಿಲೆ ಅಲ್ಲ ಅಲಂಕಾರ, ಮನೇಲಿ ಮದುವೆ ಇದ್ರೆ ಖಂಡಿತ ಮಾಡ್ಸಿ, ಇಲ್ಲಾಂದ್ರೆ ನಿಮ್ಮಿಷ್ಟ.