ಕೂರಿಗೆ ಭತ್ತದ ಬೇರಲ್ಲಿ ಕೊಕ್ಕೆ

ಕಲಘಟಗಿ ಕಡೆಯ ಒಂದು ಭತ್ತದ ಗದ್ದೆ. ಕೂರಿಗೆಯಲ್ಲಿ ಬಿತ್ತಿ ತಿಂಗಳಾಗಿತ್ತು. ಅಲ್ಲಲ್ಲಿ ಕಂಬಳಿ ಹಾಸಿದಷ್ಟು ಜಾಗ ಹಳದಿ, ಪೈರು ಗಿಡ್ಡ. "ಯಾರದೋ ನೆದರ ಬಿದ್ದೈತಿ ತಮ್ಮಾ" ಅಂದರು ಹೊಲದ ಕಾಕಾ. ಬದುವಿನ ಗೂಟಕ್ಕೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಎರಡು ಸಲ ಯೂರಿಯಾನೂ ಹಾಕಿದ್ದರು. ಆದರೆ ನೀರು ನಿಂತಿದ್ದ ತಗ್ಗಿನ ಮೂಲೆ ಮಾತ್ರ ಹಸಿರಾಗಿತ್ತು. ನೆದರು ಆ ಮೂಲೆಯನ್ನು ಏಕೆ ಬಿಟ್ಟಿತು?

ಸಲಿಕೆಯಿಂದ ಎರಡು ಸಸಿ ಎಬ್ಬಿಸಿದೆ. ಸುಮ್ನೆ ಕಿತ್ತರೆ ಬೇರಿನ ತುದಿ ಮಣ್ಣಲ್ಲೇ ಉಳಿಯುತ್ತದೆ, ನೋಡಬೇಕಾದ್ದು ಅದನ್ನೇ. ಬಕೆಟ್ ನೀರಲ್ಲಿ ಅಲುಗಾಡಿಸಿದಾಗ ಕಂಡಿತು: ತುದಿಗಳು ಊದಿಕೊಂಡು ಛತ್ರಿ ಹಿಡಿಕೆಯ ಹಾಗೆ ಬಾಗಿದ್ದವು. ಇದು ಭತ್ತದ ಬೇರುಗಂಟು ಜಂತುಹುಳದ ಗುರುತು. ಹೊಟ್ಟೆಯ ಜಂತುವಲ್ಲ, ಮಣ್ಣಿನಲ್ಲಿದ್ದು ಬೇರಿಗೆ ಗಂಟು ಬೀಳಿಸುವ ಸೂಕ್ಷ್ಮ ಹುಳ, ನೆಮಟೋಡ್.

ಮರಿ ಹುಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಬೇರಿನ ತುದಿಯಿಂದ ಒಳಗೆ ನುಗ್ಗಿ, ನಾಲ್ಕಾರು ಜೀವಕೋಶ ಆರಿಸಿಕೊಂಡು, ಬಾಯಿಯ ಸೂಜಿಯಿಂದ ತನ್ನ ರಸವನ್ನು ಅವುಗಳೊಳಗೆ ಚುಚ್ಚುತ್ತದೆ. ಅಲ್ಲಿಂದ ಮುಂದಿನದು ನನಗೆ ಇವತ್ತಿಗೂ ಬೆರಗು. ಆ ಕೋಶಗಳ ಕೇಂದ್ರ ಮತ್ತೆ ಮತ್ತೆ ಒಡೆಯುತ್ತದೆ, ಕೋಶ ಮಾತ್ರ ಒಡೆಯುವುದಿಲ್ಲ. ನಡುವೆ ಗೋಡೆ ಕಟ್ಟದೆ ಒಂದೇ ಕೋಣೆಯಲ್ಲಿ ಒಲೆ ಮೇಲೆ ಒಲೆ ಹೂಡಿದ ಹಾಗೆ. ನಾಲ್ಕು ಮಂದಿಯ ಅಡುಗೆಮನೆ ಮಠದ ದಾಸೋಹದ ಅಡುಗೆಮನೆ ಆಗಿಬಿಡುತ್ತದೆ, ಆದರೆ ಉಣ್ಣುವುದು ಒಂದೇ ಹುಳ! ಪೈಪಿಗೆ ತೂತು ಹಾಕಿ ನೀರು ಕದಿಯುವವರನ್ನು ನೋಡಿದ್ದೀರಿ ಅಲ್ವಾ? ಇದು ಇನ್ನೂ ಮುಂದೆ ಹೋಗಿ, ತನಗಾಗಿಯೇ ದೊಡ್ಡ ಟಾಕಿ ಕಟ್ಟಿಸಿಕೊಳ್ಳುತ್ತದೆ. ಕಟ್ಟುವ ಕೂಲಿಯೂ ಪೈರಿನದೇ. ಎಲೆಗೆ ಹೋಗಬೇಕಾದ ನೀರು, ಸಾರ ಕೆಳಗೇ ಖರ್ಚಾದರೆ ಯೂರಿಯಾ ಎಷ್ಟು ಹಾಕಿದರೇನು?

ಇನ್ನು ಆ ತಗ್ಗಿನ ಮೂಲೆ. ನೀರು ನಿಂತ ಮಣ್ಣಿನಲ್ಲಿ ಮರಿ ಹುಳ ಹೊಸ ಬೇರಿಗೆ ನುಗ್ಗಲಾರದು. ಕೂರಿಗೆ ಬಿತ್ತನೆಯಲ್ಲಿ ಮೊದಲ ವಾರಗಳು ಒಣ, ಗಾಳಿಯಾಡುವ ಮಣ್ಣು, ಅಂದರೆ ಬಾಗಿಲು ತೆರೆದೇ ಇರುತ್ತದೆ. ಒಮ್ಮೆ ಒಳಗೆ ಸೇರಿದ ಮೇಲೆ ನೀರು ನಿಲ್ಲಿಸಿದರೂ ಅದಕ್ಕೆ ಚಿಂತೆಯಿಲ್ಲ. ಬೇರಿನೊಳಗೇ ಮೊಟ್ಟೆ ಇಟ್ಟು ಸಂಸಾರ ಬೆಳೆಸುತ್ತದೆ.

ಒಂದೊಂದು ಜಂತುಹುಳಕ್ಕೆ ಒಂದೊಂದು ಸೀಮೆ ಇರುವುದೂ ಹೀಗೆಯೇ. ಬಂಗಾಳದ ಆಳನೀರಿನ ಭತ್ತವನ್ನು ಕಾಡುವ ಉಫ್ರಾ ಹುಳಕ್ಕೆ ನೀರೇ ಏಣಿ. ಒದ್ದೆ ಕಾಂಡ ಹಿಡಿದು ಮೇಲೇರಿ ಸುಳಿಗೇ ಬಾಯಿ ಹಾಕುತ್ತದೆ. ರಾಜಸ್ಥಾನ, ಹರಿಯಾಣ, ಪಂಜಾಬಿನ ಗೋಧಿ, ಬಾರ್ಲಿಗೆ ಬರುವ ಮೊಲ್ಯಾ ರೋಗದ ಹುಳಕ್ಕೆ ಚಳಿ ಬೇಕು. ತಂಪು ಬೀಳದೆ ಅದರ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ನಮ್ಮ ದೇಶದಲ್ಲಿ ಅದು ಮೊದಲು ವರದಿಯಾಗಿದ್ದು 1958ರಲ್ಲಿ, ರಾಜಸ್ಥಾನದಿಂದ. ನಮ್ಮ ಈ ಬೇರುಗಂಟಿನ ಹುಳಕ್ಕೆ ಹೆಸರಿಟ್ಟಿದ್ದು 1965ರಲ್ಲಿ, ದೂರದ ಅಮೆರಿಕದಲ್ಲಿ. ಲೂಸಿಯಾನಾದಲ್ಲಿ ಅದು ಸಿಕ್ಕಿದ್ದು ಭತ್ತದಲ್ಲಲ್ಲ, ಕಳೆಹುಲ್ಲಿನ ಬೇರಿನಲ್ಲಿ! ಕಾಕಾನ ಬದುವಿನ ತುಂಬ ಹುಲ್ಲೇ ಇತ್ತು. ಭತ್ತ ಇಲ್ಲದ ತಿಂಗಳಲ್ಲಿ ಹುಳ ಬದುಕುವುದು ಇಂಥ ಹುಲ್ಲಿನ ಮೇಲೆಯೇ.

ಕಾಕಾ ಆ ಕೊಕ್ಕೆ ಬೇರನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹುಲ್ಲಿರುವ ಬದುವಿನತ್ತ ಹೋಗಿ, ಒಂದು ಬುಡ ಎಬ್ಬಿಸಿ, ಅದೇ ಬಕೆಟ್‌ನಲ್ಲಿ ತೊಳೆಯತೊಡಗಿದರು.